ಮಳೆಗೂ ಕತ್ತಲಿಗೂ ತಡ್ಕೊಳ್ಳೋ ಟ್ರೇಲ್ ಕ್ಯಾಮೆರಾ ಆರಿಸೋದು ಹೇಗೆ: ತೋಟ, ಕಾಡಂಚಿನವರಿಗೆ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ತೋಟಕ್ಕೆ ಹೋದ್ರೆ ಒದ್ದೆ ಮಣ್ಣಲ್ಲಿ ಹೆಜ್ಜೆ ಕಾಣತ್ತೆ, ಕಾಫಿ ಹಣ್ಣು ತಿಂದ ಕಬ್ಬೆಕ್ಕಿನ ಹಿಕ್ಕೆ ಕಲ್ಲಿನ ಮೇಲೆ ಬಿದ್ದಿರತ್ತೆ, ಆದ್ರೆ ರಾತ್ರಿ ಯಾರ್ಯಾರು ಬಂದು ಹೋದ್ರು ಅನ್ನೋದು ಗೊತ್ತಾಗೋದೇ ಇಲ್ಲ. ಅದನ್ನ ತಿಳ್ಕೊಳ್ಳೋಕೆ ಟ್ರೇಲ್ ಕ್ಯಾಮೆರಾದಷ್ಟು (ಮರಕ್ಕೆ ಕಟ್ಟಿಟ್ರೆ ಮುಂದೆ ಪ್ರಾಣಿ ಹಾದಾಗ ತಾನಾಗೇ ಫೋಟೋ ತೆಗೆಯೋ ಕ್ಯಾಮೆರಾ) ಒಳ್ಳೆ ಸಾಧನ ಇನ್ನೊಂದಿಲ್ಲ, ಪ್ರಾಣಿಗೆ ತೊಂದರೆ ಇಲ್ಲ, ನಾವು ಮಚಾನ್ ಮೇಲೆ ನಿದ್ದೆಗೆಟ್ಟು ಕೂರಬೇಕಾಗಿಲ್ಲ. ತೊಂದರೆ ಶುರುವಾಗೋದು ಕೊಳ್ಳೋಕೆ ಹೋದಾಗ. ಆನ್‌ಲೈನಲ್ಲಿ ಹುಡುಕಿದ್ರೆ ಎಲ್ಲದರ ಮೇಲೂ 48 ಮೆಗಾಪಿಕ್ಸೆಲ್, 4ಕೆ, 0.1 ಸೆಕೆಂಡ್ ಟ್ರಿಗರ್ ಅಂತಾನೇ ಬರೆದಿರತ್ತೆ, ಬೆಲೆ ನೋಡಿದ್ರೆ ಒಂದಕ್ಕೂ ಇನ್ನೊಂದಕ್ಕೂ ಐದಾರು ಪಟ್ಟು ವ್ಯತ್ಯಾಸ.

ನನ್ನ ಪ್ರಕಾರ ನಂಬಬಹುದಾದ ಕ್ಯಾಮೆರಾ ಅಂದ್ರೆ ಮೂರೇ ವಿಷಯ. ಮುಂದೆ ಪ್ರಾಣಿ ಹಾದಾಗ ತಪ್ಪದೆ ತೆಗೀಬೇಕು, ರಾತ್ರಿ ತೆಗೆದಿದ್ದು ಯಾವ ಪ್ರಾಣಿ ಅಂತ ಗುರುತು ಸಿಗೋ ಹಾಗಿರಬೇಕು, ಒಂದು ಪೂರ್ತಿ ಮಳೆಗಾಲ ಕಳೆದ್ಮೇಲೂ ಕೆಲಸ ಮಾಡ್ತಿರಬೇಕು. ಈ ಮೂರರಲ್ಲಿ ಒಂದೂ ಡಬ್ಬದ ಮೇಲಿನ ದೊಡ್ಡ ಅಕ್ಷರದಿಂದ ಗೊತ್ತಾಗಲ್ಲ, ಕೆಲವನ್ನ ಕೊಳ್ಳೋ ಮುಂಚೆ ಕೇಳಿ ತಿಳ್ಕೋಬೇಕು, ಉಳಿದಿದ್ದನ್ನ ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ ನಾವೇ ಪರೀಕ್ಷೆ ಮಾಡ್ಬೇಕು.

ಹೆಜ್ಜೆ 1: ಏನು ನೋಡ್ಬೇಕು ಅಂತ ಮೊದ್ಲು ತೀರ್ಮಾನ ಮಾಡಿ

ಎಲ್ಲದಕ್ಕೂ ಆಗೋ ಒಂದು ಕ್ಯಾಮೆರಾ ಅಂತ ಇಲ್ಲ. ತೋಟಕ್ಕೆ ಏನೇನು ಬರತ್ತೆ ನೋಡೋಣ ಅನ್ನೋ ಕುತೂಹಲ ಇದ್ರೆ ಸಾಧಾರಣ ಇನ್‌ಫ್ರಾರೆಡ್ (ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕಿನ ಫ್ಲ್ಯಾಶ್ ಇರೋ) ಕ್ಯಾಮೆರಾ ಸಾಕು, ಮುಳ್ಳುಹಂದಿ, ಕಾಡುಹಂದಿ, ಕಡವೆ, ಕಾಡುಕುರಿ, ಪುನುಗು ಎಲ್ಲ ಅದರಲ್ಲಿ ಚೆನ್ನಾಗೇ ಗೊತ್ತಾಗತ್ತೆ. ಬರ್ತಿರೋದು ಒಂದೇ ಚಿರತೆನಾ ಎರಡಾ ಅಂತ ತಿಳೀಬೇಕಾದ್ರೆ ಲೆಕ್ಕವೇ ಬೇರೆ, ಮೈಮೇಲಿನ ಚುಕ್ಕೆ ಒಂದೊಂದೂ ಸ್ಪಷ್ಟ ಬರಬೇಕು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿ ಎಣಿಸೋಕೆ ಕ್ಯಾಮೆರಾ ಬಳಸಿದ್ದು ಇದೇ ಆಧಾರದ ಮೇಲೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರಲ್ಲ, ಒಂದೇ ಹುಲಿಯ ಎಡಮೈ ಪಟ್ಟೆ ಬಲಮೈಗೂ ಹೊಂದಲ್ಲ, ಅದಕ್ಕೇ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಇಡ್ತಾರೆ. ಚಿರತೆಗೂ ಇದೇ ಮಾತು ಅನ್ವಯ, ಅಂದ್ರೆ ಗುರುತು ಹಿಡಿಯೋ ಆಸೆ ಇದ್ರೆ ಬಜೆಟ್ ಹಾಕುವಾಗ್ಲೇ ಎರಡು ಕ್ಯಾಮೆರಾ ಅಂತ ಹಾಕಿ.

ಆನೆ ಬಂತಾ ಅಂತ ತಕ್ಷಣ ಫೋನಿಗೆ ಗೊತ್ತಾಗ್ಬೇಕು ಅನ್ನೋರಿಗೆ ಸಿಮ್ ಹಾಕೋ ಕ್ಯಾಮೆರಾ ಬೇಕು, ಅದರ ತಲೆನೋವು ಬೇರೆ, ಮುಂದೆ ಹೇಳ್ತೀನಿ. ಹಾವು, ಕಪ್ಪೆ ನೋಡ್ಬೇಕು ಅನ್ನೋರಿಗೆ ಮಾತ್ರ ಇದು ಆಗೋ ಕೆಲಸ ಅಲ್ಲ, ಯಾಕೆ ಅಂತ ಈಗ್ಲೇ ನೋಡೋಣ.

ಹೆಜ್ಜೆ 2: ಸೆನ್ಸರ್ ಹೇಗೆ ಕೆಲಸ ಮಾಡತ್ತೆ ಅಂತ ಅರ್ಥ ಮಾಡ್ಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಇದು, ಮತ್ತೆ ಜನ ಕಡಿಮೆ ಗಮನ ಕೊಡೋದೂ ಇದಕ್ಕೇ. ಕ್ಯಾಮೆರಾ ಮುಂದೆ ಹಾಲು ಬಣ್ಣದ ಸಣ್ಣ ಪ್ಲಾಸ್ಟಿಕ್ ಕಿಟಕಿ ಇರತ್ತಲ್ಲ, ಅದರ ಹಿಂದಿರೋದು ಪಿಐಆರ್ ಸೆನ್ಸರ್. ಅದು ಕಣ್ಣಲ್ಲ, ಅದಕ್ಕೆ ಕಾಣೋದು ಬಿಸಿ ಮಾತ್ರ. ಹಿನ್ನೆಲೆಗಿಂತ ಬೇರೆ ಬಿಸಿ ಇರೋ ಒಂದು ಮೈ ಅದರ ಮುಂದೆ ಚಲಿಸಿದಾಗ ಅದು ಎಚ್ಚರ ಆಗಿ ಕ್ಯಾಮೆರಾ ಎಬ್ಬಿಸತ್ತೆ. ಎರಡೂ ಬೇಕು, ಬಿಸಿಯ ವ್ಯತ್ಯಾಸವೂ ಬೇಕು, ಚಲನೆಯೂ ಬೇಕು. ಹಾವಿನ ಮೈ ಸುತ್ತಲಿನ ನೆಲದಷ್ಟೇ ಬಿಸಿ ಇರೋದ್ರಿಂದ ಸೆನ್ಸರಿಗೆ ಅದು ಇದ್ದೂ ಇಲ್ಲದ ಹಾಗೆ. ನೀರುನಾಯಿ ಹೊಳೆಯಿಂದ ಆಗಷ್ಟೇ ಎದ್ದು ಬಂದಿದ್ರೆ ಅದರ ಒದ್ದೆ ತುಪ್ಪಟದ ಹೊರಮೈ ತಣ್ಣಗಿರತ್ತೆ, ಎಷ್ಟೋ ಸಲ ತಪ್ಪಿ ಹೋಗತ್ತೆ. ಬಯಲುಸೀಮೆಯಲ್ಲಿ, ದರೋಜಿ ಕಡೆ ಅಂತಿಟ್ಕೊಳ್ಳಿ, ಏಪ್ರಿಲ್ ಮಧ್ಯಾಹ್ನ ಬಂಡೆನೇ ಪ್ರಾಣಿ ಮೈಯಷ್ಟು ಕಾದಿರುವಾಗ ಎಂಥಾ ದುಬಾರಿ ಕ್ಯಾಮೆರಾನೂ ಮಂಕಾಗತ್ತೆ, ಸಂಜೆ ತಂಪಾದ್ಮೇಲೆ ಸರಿ ಹೋಗತ್ತೆ. ಇದು ಕ್ಯಾಮೆರಾ ದೋಷ ಅಲ್ಲ.

ಇನ್ನೊಂದು ವಿಷಯ, ಪ್ರಾಣಿ ಅಡ್ಡ ಹಾದ್ರೆ ಸೆನ್ಸರಿಗೆ ಬೇಗ ಗೊತ್ತಾಗತ್ತೆ, ನೇರ ಕ್ಯಾಮೆರಾ ಕಡೆಗೇ ನಡ್ಕೊಂಡು ಬಂದ್ರೆ ತಡ ಆಗತ್ತೆ. ಹಾಗಾಗಿ ಕೊಳ್ಳುವಾಗ "25 ಮೀಟರ್ ದೂರದವರೆಗೂ ಹಿಡಿಯತ್ತೆ" ಅನ್ನೋದನ್ನ ಪೂರ್ತಿ ನಂಬಬೇಡಿ, ಅದು ಅನುಕೂಲದ ಸ್ಥಿತೀಲಿ ದೊಡ್ಡ ಮೈಗೆ ಹೇಳೋ ಮಾತು. ಕಬ್ಬೆಕ್ಕು, ಬರ್ಕದಂಥ ಸಣ್ಣ ಮೈಗೆ ಅದರ ಅರ್ಧ ದೂರ ಸಿಕ್ರೂ ಖುಷಿ ಪಡಿ.

ಟ್ರಿಗರ್ ಸ್ಪೀಡ್ ಅಂದ್ರೆ ಎಚ್ಚರ ಆಗಿ ಮೊದಲ ಫೋಟೋ ತೆಗೆಯೋಕೆ ಹಿಡಿಯೋ ಸಮಯ. ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ರೆ ಕಾಲುದಾರಿ ಮೇಲೆ ಇಡೋಕೆ ಪರವಾಗಿಲ್ಲ, ಒಂದು ಸೆಕೆಂಡ್ ಆದ್ರೆ ಬಾಲ ಮಾತ್ರ ಬರತ್ತೆ. ನೀರಿನ ಹೊಂಡದ ಹತ್ರ, ಹಲಸಿನ ಮರದ ಬುಡದಲ್ಲಿ ಪ್ರಾಣಿ ಹೇಗೂ ನಿಲ್ಲೋದ್ರಿಂದ ಅಲ್ಲಿ ನಿಧಾನದ್ದೂ ನಡೆಯತ್ತೆ. ಆದ್ರೆ ಇದರ ಜೊತೆ ರಿಕವರಿ ಟೈಮ್ ಅಂತ ಇನ್ನೊಂದಿದೆ, ಒಂದು ಫೋಟೋ ತೆಗೆದು ಮುಂದಿನದಕ್ಕೆ ತಯಾರಾಗೋ ಸಮಯ, ಇದನ್ನ ಎಷ್ಟೋ ಕಂಪನಿಯವ್ರು ಬರೆಯೋದೇ ಇಲ್ಲ. ಸೀಳುನಾಯಿ ಗುಂಪು ಹಾದಾಗ, ಹಂದಿ ಮರಿಗಳ ಜೊತೆ ಬಂದಾಗ, ಮೊದಲನೆಯದು ಸಿಕ್ಕಿ ಉಳಿದವೆಲ್ಲ ತಪ್ಪೋದು ಇದ್ರಿಂದಾನೇ. ತಾಯಿ ಚಿರತೆ ಮುಂದೆ ಹೋಗಿ ಮರಿಗಳು ಹಿಂದೆ ಬರ್ತಿದ್ರೆ ನಿಮ್ಗೆ ಒಂಟಿ ಚಿರತೆ ಅಂತ ತಪ್ಪು ಲೆಕ್ಕ ಸಿಗತ್ತೆ. ಹಾಗಾಗಿ ರಿಕವರಿ ಎಷ್ಟು ಅಂತ ಬರೆದಿಲ್ಲದ ಮಾಡೆಲ್ಲನ್ನ, ಅದರ ಬಗ್ಗೆ ಬೇರೆಯವರು ಪರೀಕ್ಷೆ ಮಾಡಿ ಹಾಕಿದ ವಿಡಿಯೋ ಸಿಗೋವರೆಗೂ ಕೊಳ್ಳಬೇಡಿ.

ಹೆಜ್ಜೆ 3: ಫ್ಲ್ಯಾಶ್ ಯಾವ್ದು?

ಮೂರು ಥರ ಇದೆ. 850 ನ್ಯಾನೋಮೀಟರಿನ (ಇದು ಬೆಳಕಿನ ಅಲೆಯ ಉದ್ದದ ಅಳತೆ) ಇನ್‌ಫ್ರಾರೆಡ್, ಇದನ್ನ ಲೋ ಗ್ಲೋ ಅಂತಾರೆ, ಬೆಳಕು ದೂರ ಹೋಗತ್ತೆ, ಫೋಟೋ ಚೆನ್ನಾಗಿ ಬರತ್ತೆ, ಆದ್ರೆ ಉರಿಯುವಾಗ ಮಂದ ಕೆಂಪು ಚುಕ್ಕೆಗಳು ಕಾಣ್ತಾವೆ. 940ರದ್ದು ನೋ ಗ್ಲೋ, ಮನುಷ್ಯರ ಕಣ್ಣಿಗೆ ಕಾಣಲ್ಲ, ಕಳ್ಳರಿಗೂ ಗೊತ್ತಾಗಲ್ಲ, ಬದಲಿಗೆ ಬೆಳಕಿನ ದೂರ ಕಡಿಮೆ, ಫೋಟೋ ಸ್ವಲ್ಪ ಕಾಳುಕಾಳಾಗಿ ಬರತ್ತೆ. ಮೂರನೇದು ಬಿಳಿ ಫ್ಲ್ಯಾಶ್, ರಾತ್ರೀಲೂ ಬಣ್ಣದ ಫೋಟೋ, ಚುಕ್ಕೆ ಪಟ್ಟೆ ಸ್ಪಷ್ಟ, ಆದ್ರೆ ಕೆಲವು ಪ್ರಾಣಿ ಬೆದರತ್ತೆ, ದಾರೀಲಿ ಹೋಗೋ ಮನುಷ್ಯರಿಗಂತೂ ಗ್ಯಾರಂಟಿ ಗೊತ್ತಾಗತ್ತೆ.

ಮನೆ ಹಿಂದಿನ ತೋಟ, ಬೇಲಿ ಒಳಗೆ, ಹೊರಗಿನವ್ರು ಓಡಾಡಲ್ಲ ಅಂದ್ರೆ 850 ತಗೊಳ್ಳಿ, ಕೊಟ್ಟ ದುಡ್ಡಿಗೆ ಒಳ್ಳೆ ಫೋಟೋ ಅದರಲ್ಲೇ. ಊರ ದಾರಿ ಪಕ್ಕ ಆದ್ರೆ 940. ಚಿರತೆ ಗುರುತು ಹಿಡಿಯೋ ಕೆಲಸ ಆದ್ರೆ ಮಾತ್ರ ಬಿಳಿ ಫ್ಲ್ಯಾಶ್, ಯಾಕಂದ್ರೆ ಇನ್‌ಫ್ರಾರೆಡ್ಡಲ್ಲಿ ನಡೀತಿರೋ ಪ್ರಾಣಿ ಮೈ ಕದಲಿ ಮಸುಕಾಗಿ ಬರೋದು ಜಾಸ್ತಿ, ಚುಕ್ಕೆ ಹೋಲಿಸೋಕೆ ಹೋದ್ರೆ ಏನೂ ಸಿಗಲ್ಲ.

ಹೆಜ್ಜೆ 4: ಮೆಗಾಪಿಕ್ಸೆಲ್ ಬಿಟ್ಟಾಕಿ, ಲೆನ್ಸ್ ನೋಡಿ

48 ಮೆಗಾಪಿಕ್ಸೆಲ್ ಅಂತ ಬರೆದಿರೋ ಬಹುತೇಕ ಟ್ರೇಲ್ ಕ್ಯಾಮೆರಾ ಒಳಗಿನ, ಫೋಟೋ ತೆಗೆಯೋ ಅಸಲಿ ಸೆನ್ಸರ್ ಅದರ ಒಂದು ಸಣ್ಣ ಪಾಲು ಅಷ್ಟೇ, ಉಳಿದಿದ್ದನ್ನ ಸಾಫ್ಟ್‌ವೇರ್ ಊಹೆ ಮಾಡಿ ತುಂಬತ್ತೆ. ಫೈಲ್ ದೊಡ್ಡದಾಗತ್ತೆ, ಕಾರ್ಡ್ ಬೇಗ ತುಂಬತ್ತೆ, ಕಡವೆಯ ಕಿವಿ ಮಾತ್ರ ಇನ್ನೂ ಸ್ಪಷ್ಟ ಆಗಲ್ಲ. ಮೆನುನಲ್ಲಿ ಎಷ್ಟು ಮೆಗಾಪಿಕ್ಸೆಲ್ ಅಂತ ಆರಿಸೋ ಅವಕಾಶ ಇದ್ರೆ ಎಲ್ಲಕ್ಕಿಂತ ಕಡಿಮೆಯದನ್ನೋ ಅದರ ಮುಂದಿನದನ್ನೋ ಇಡಿ. ಕೊಳ್ಳೋ ಮುಂಚೆ ಅದೇ ಮಾಡೆಲ್ಲಲ್ಲಿ ರಾತ್ರಿ ತೆಗೆದ, ತಿದ್ದದೇ ಇರೋ ಫೋಟೋ ಹುಡುಕಿ ನೋಡಿ, ಹಗಲಿನದ್ದು ನೋಡಿ ಮರುಳಾಗಬೇಡಿ, ಹಗಲು ಎಲ್ಲ ಕ್ಯಾಮೆರಾನೂ ಚೆನ್ನಾಗಿರತ್ತೆ.

ಲೆನ್ಸ್ ಕೋನ 120 ಡಿಗ್ರಿ ಅಂತ ಇದ್ರೆ ಪ್ರಾಣಿ ಮೂಲೇಲಿ ಸಣ್ಣದಾಗಿ ಕೂರತ್ತೆ, ಕಾಲುದಾರಿಗೆ 40ರಿಂದ 55 ಡಿಗ್ರಿ ಒಳ್ಳೇದು. ಇವುಗಳ ಫೋಕಸ್ ಫಿಕ್ಸ್ ಆಗಿರತ್ತೆ, ತುಂಬ ಹತ್ರ ಬಂದ್ರೆ ಮಸುಕು, ಹಾಗಾಗಿ ದಾರಿಗೂ ಕ್ಯಾಮೆರಾಕ್ಕೂ ಮೂರ್ನಾಲ್ಕು ಮೀಟರ್ ಸಿಗೋ ಜಾಗ ನಿಮ್ಮಲ್ಲಿದೆಯಾ ಅಂತ ಮೊದ್ಲೇ ನೋಡ್ಕೊಳ್ಳಿ. ಒಳಗೆ ಪುಟ್ಟ ಸ್ಕ್ರೀನ್ ಇರೋದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಕಟ್ಟಿದ ಜಾಗದಲ್ಲೇ ಎಲ್ಲಿಗೆ ಮುಖ ಮಾಡಿದೆ ಅಂತ ಕಾಣತ್ತೆ.

ಹೆಜ್ಜೆ 5: ಮಳೆ

ಹೆಸರಿರೋ ಬಹಳಷ್ಟು ಬ್ರ್ಯಾಂಡುಗಳು ಅಮೆರಿಕದವು, ರೆಕಾನಿಕ್ಸ್, ಬುಶ್‌ನೆಲ್, ಬ್ರೌನಿಂಗ್, ಕಡ್‌ಬ್ಯಾಕ್ ಎಲ್ಲ ಅಲ್ಲಿನ ಜಿಂಕೆ ಬೇಟೆಗಾರರನ್ನ ಮನಸ್ಸಲ್ಲಿಟ್ಕೊಂಡೇ ಬೆಳೆದವು. ಅಲ್ಲಿಯ ಚಳಿ, ಹಿಮಕ್ಕೆ ತಡೆಯೋದು ಬೇರೆ, ಆಗುಂಬೆ ಮಳೆಗೆ ತಡೆಯೋದು ಬೇರೆ. ಆಗುಂಬೇಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೇಲೆ ಮಳೆ, ಜೂನಿಂದ ಸೆಪ್ಟೆಂಬರ್‌ವರೆಗೆ ಗೋಡೆನೇ ಬೆವರತ್ತೆ, ಚಪ್ಪಲಿ ಮೇಲೆ ಬೂಷ್ಟು ಬರತ್ತೆ, ಅಂಥಾ ಕಡೆ ಕ್ಯಾಮೆರಾ ಕೊಲ್ಲೋದು ಮೇಲಿಂದ ಬೀಳೋ ನೀರಿಗಿಂತ ಒಳಗೆ ಸೇರೋ ತೇವ. ಐಪಿ66 (ದೂಳು, ನೀರು ಎಷ್ಟು ತಡೆಯತ್ತೆ ಅನ್ನೋದರ ನಂಬರ್) ಇರಬೇಕು, ಐಪಿ67 ಸಿಕ್ಕಿದ್ರೆ ಇನ್ನೂ ಒಳ್ಳೇದು, ಆದ್ರೆ ನಂಬರ್ ನೋಡಿ ಸುಮ್ನಾಗಬೇಡಿ. ಬಾಗಿಲು ತೆಗೆದು ಸುತ್ತ ಇರೋ ರಬ್ಬರ್ ನೋಡಿ, ದಪ್ಪಗೆ ಒಂದೇ ಸಮ ಕೂತಿದೆಯಾ, ಮೂಲೇಲಿ ಎದ್ದಿದೆಯಾ, ಚಿಲಕ ಲೋಹದ್ದಾ ಪ್ಲಾಸ್ಟಿಕ್ಕಾ, ಮುಚ್ಚಿದಾಗ ಬಿಗಿಯಾಗಿ ಕೂರತ್ತಾ. ಕೆಳಗಡೆ ಚಾರ್ಜರ್, ಸೋಲಾರ್ ತಂತಿ ಚುಚ್ಚೋ ತೂತಿಗೆ ರಬ್ಬರ್ ಮುಚ್ಚಳ ಸಡಿಲ ಇದ್ರೆ ನೀರಿನ ಜೊತೆ ಇರುವೆನೂ ಅಲ್ಲಿಂದಾನೇ ಒಳಗೆ ಹೋಗೋದು, ಒಂದು ವಾರ ಬಿಟ್ಟು ನೋಡಿದ್ರೆ ಒಳಗೆ ಮೊಟ್ಟೆ ಸಮೇತ ಗೂಡಿರತ್ತೆ.

ರಬ್ಬರಿಗೆ ವರ್ಷಕ್ಕೊಂದು ಸಲ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ರತಿ ಸಲ ಕಾರ್ಡ್ ತೆಗೆಯುವಾಗ ಬದಲಾಯಿಸಿ. ಮಳೆ ಸುರೀತಿರುವಾಗ ಬಾಗಿಲು ತೆಗೀಲೇಬೇಡಿ, ಆ ಹಸಿ ಗಾಳಿನೇ ಒಳಗೆ ಸಿಕ್ಕಾಕೊಂಡು ರಾತ್ರಿ ಲೆನ್ಸ್ ಮೇಲೆ ಹನಿ ಕಟ್ಟತ್ತೆ.

ಹೆಜ್ಜೆ 6: ಸೆಲ್ಲು, ಕಾರ್ಡು

ಹೆಚ್ಚಿನವಕ್ಕೆ 8 ಡಬಲ್ ಎ ಸೆಲ್ ಬೇಕು, ಕೆಲವಕ್ಕೆ 4, ರೆಕಾನಿಕ್ಸ್ ಥರದ್ದಕ್ಕೆ 12. ಅಂಗಡೀಲಿ ಸಿಗೋ ಅಗ್ಗದ ಸೆಲ್ ಹಾಕ್ಲೇಬೇಡಿ, ಸೋರಿ ಒಳಗಿನ ಸ್ಪ್ರಿಂಗ್ ತಿಂದುಬಿಡತ್ತೆ. ಆಲ್ಕಲೈನ್ ಹಾಕಿದ್ರೆ ನಡೆಯತ್ತೆ ಆದ್ರೆ ಖಾಲಿ ಆಗ್ತಾ ವೋಲ್ಟೇಜ್ ಇಳಿಯೋದ್ರಿಂದ ಹಗಲು ಫೋಟೋ ಸರಿ ಬಂದು ರಾತ್ರಿ ಮಾತ್ರ ಕತ್ತಲಾಗೋಕೆ ಶುರುವಾಗತ್ತೆ, ಫ್ಲ್ಯಾಶಿಗೆ ಒಂದೇ ಸಲ ಜಾಸ್ತಿ ಕರೆಂಟ್ ಬೇಕಲ್ಲ. ರೀಚಾರ್ಜ್ ಮಾಡೋ ನಿಕಲ್ ಸೆಲ್ 1.2 ವೋಲ್ಟ್, 8 ಸೇರಿದ್ರೆ 9.6, ಆಲ್ಕಲೈನ್ ಆದ್ರೆ 12, ಕೆಲವು ಕ್ಯಾಮೆರಾ 9.6 ನೋಡಿ ಸೆಲ್ ಮುಗೀತು ಅಂತ ಆಫ್ ಆಗ್ಬಿಡತ್ತೆ. ಹಾಗಾಗಿ ಕೊಳ್ಳೋ ಮುಂಚೆ ಕೈಪಿಡಿ ಡೌನ್‌ಲೋಡ್ ಮಾಡಿ ನಿಕಲ್ ಸೆಲ್ ಹಾಕಬಹುದಾ ಅಂತ ಓದಿ, ಹಾಕಬಹುದು ಅಂದ್ರೆ ಅದೇ ಒಳ್ಳೇದು, ಖರ್ಚೂ ಕಡಿಮೆ ಕಸವೂ ಕಡಿಮೆ. ತಿಂಗಳುಗಟ್ಟಲೆ ಹೋಗೋಕಾಗದ ದೂರದ ಜಾಗಕ್ಕೆ ಮಾತ್ರ ಬಿಸಾಕೋ ಲಿಥಿಯಂ ಸೆಲ್, ದುಬಾರಿ ಆದ್ರೂ ಕೊನೇವರೆಗೂ ವೋಲ್ಟೇಜ್ ಬಿಡಲ್ಲ. ಹೊಸದು ಹಳೇದು ಬೆರೆಸಬೇಡಿ. ಸೋಲಾರ್ ಪ್ಯಾನಲ್ ಬಯಲಿಗೆ ಸರಿ, ಕಾಫಿ ತೋಟದ ನೆರಳಲ್ಲಿ, ಅದೂ ಜುಲೈನಲ್ಲಿ, ಅದನ್ನ ನಂಬ್ಕೊಂಡು ಕೂರೋಕಾಗಲ್ಲ.

ಕಾರ್ಡ್ 32 ಜಿಬಿ ಕ್ಲಾಸ್ 10 ಸಾಕು, ನಂಬಿಕೆ ಇರೋ ಅಂಗಡೀಲಿ ಎರಡು ತಗೊಳ್ಳಿ, ಒಂದು ಕ್ಯಾಮೆರಾದಲ್ಲಿ ಇನ್ನೊಂದು ಜೇಬಲ್ಲಿ, ಹೋದಾಗ ಬದಲಾಯಿಸ್ಕೊಂಡು ಬರೋದು. ಕಂಪ್ಯೂಟರಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಹೆಜ್ಜೆ 7: ಸಿಮ್ ಇರೋದು ಬೇಕಾ?

ವಿದೇಶದಿಂದ ತರಿಸೋ ಮುಂಚೆ ಇದೊಂದು ಓದಿ. ಅಮೆರಿಕದಲ್ಲಿರೋ ಮಕ್ಕಳು, ಅಣ್ಣ ತಮ್ಮಂದಿರ ಹತ್ರ ತರಿಸೋರು ಬಹಳ ಜನ, ಸಾದಾ ಕ್ಯಾಮೆರಾ ಆದ್ರೆ ಪರವಾಗಿಲ್ಲ, ಸಿಮ್ ಇರೋದಾದ್ರೆ ಅಲ್ಲಿನ ವೆರೈಜನ್, ಎಟಿ ಅಂಡ್ ಟಿ ನೆಟ್‌ವರ್ಕಿಗೆ ಅಂತಾನೇ ಮಾಡಿರೋದು ಇಲ್ಲಿ ಕೆಲಸ ಮಾಡಲ್ಲ. ಇಲ್ಲಿ 4ಜಿಗೆ 3, 5, 8, 40 ಈ ಥರದ ಬ್ಯಾಂಡ್ (ಸಿಗ್ನಲ್ ಬರೋ ತರಂಗಗಳ ಪಟ್ಟಿ) ಬೇಕು, ಜಿಯೋದಲ್ಲಿ 2ಜಿ 3ಜಿ ಇಲ್ಲವೇ ಇಲ್ಲ, ಆದ್ದರಿಂದ ಹಳೇ 3ಜಿ ಮಾಡೆಲ್ ಅಗ್ಗಕ್ಕೆ ಸಿಕ್ತು ಅಂತ ತಗೋಬೇಡಿ. ಎಲ್ಲಕ್ಕಿಂತ ಮೊದ್ಲು ಕ್ಯಾಮೆರಾ ಇಡೋ ಜಾಗದಲ್ಲಿ ಫೋನ್ ಹಿಡ್ಕೊಂಡು ನಿಂತು ಒಂದು ಫೋಟೋ ಕಳಿಸಿ ನೋಡಿ, ನಿಮ್ಮ ಫೋನಿಂದಾನೇ ಹೋಗದಿದ್ರೆ ಕ್ಯಾಮೆರಾದಿಂದಂತೂ ಹೋಗಲ್ಲ. ಕಂಪನಿ ಆ್ಯಪಿಗೆ ತಿಂಗಳ ಚಂದಾ ಇದೆಯಾ, ಆ ಕಂಪನಿ ಮುಚ್ಚಿದ್ರೆ ಕ್ಯಾಮೆರಾ ಕಾರ್ಡಿಗಾದ್ರೂ ತೆಗೆಯತ್ತಾ ಅನ್ನೋದನ್ನೂ ಕೇಳಿ.

ಹೆಜ್ಜೆ 8: ಬ್ರ್ಯಾಂಡ್ ಮತ್ತೆ ದುಡ್ಡು

ರೆಕಾನಿಕ್ಸ್ ಸಂಶೋಧಕರ ಮೆಚ್ಚಿನದ್ದು, ಅವರ ಹೈಪರ್‌ಫೈರ್ 2 ಮಾಡೆಲ್ಲಿಗೆ 5 ವರ್ಷ ವಾರಂಟಿ ಕೊಡ್ತಾರೆ, ಬೆಲೆ ಮಾತ್ರ ಮನೆ ತೋಟಕ್ಕೆ ಜಾಸ್ತಿನೇ. ಬ್ರೌನಿಂಗ್, ಬುಶ್‌ನೆಲ್ ಮಧ್ಯದ್ದು, ನನ್ನ ಒಲವು ಈ ಮಟ್ಟದ ಕ್ಯಾಮೆರಾ ಕಡೆಗೆ. ಅದಕ್ಕಿಂತ ಕೆಳಗೆ ಹೋದ್ರೆ ಒಂದೇ ಕಾರ್ಖಾನೆಯ ಒಂದೇ ಕ್ಯಾಮೆರಾ ಹತ್ತು ಹೆಸರಲ್ಲಿ ಸಿಗತ್ತೆ, ಫೋಟೋಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ಬಟನ್ ಜಾಗ, ಎಲ್‌ಇಡಿ ಜೋಡಣೆ, ಮೆನು ಎಲ್ಲ ಒಂದೇ. ಹಾಗಾದಾಗ ಹೆಸರಿಗೆ ದುಡ್ಡು ಕೊಡ್ಬೇಡಿ, ಇಲ್ಲೇ ಬಿಲ್ ಕೊಟ್ಟು ವಾಪಸ್ ತಗೊಳ್ಳೋ ಮಾರಾಟಗಾರರು ಯಾರು ಅಂತ ನೋಡಿ. ಬೇರೆ ದೇಶದ ವಾರಂಟಿ ಅಂದ್ರೆ ಕೆಟ್ಟಾಗ ಅಲ್ಲಿಗೇ ಕಳಿಸಬೇಕು, ಕಸ್ಟಮ್ಸ್ ಓಡಾಟ ಬೇರೆ. ಬಜೆಟ್ ಹಾಕುವಾಗ ಸೆಲ್, ಚಾರ್ಜರ್, ಎರಡು ಕಾರ್ಡ್, ಕಬ್ಬಿಣದ ಡಬ್ಬಿ, ಬೀಗ ಎಲ್ಲ ಸೇರಿಸಿ ಹಾಕಿ. ಹತ್ತಿರದ ವೆಲ್ಡಿಂಗ್ ಶಾಪಲ್ಲಿ ಡಬ್ಬಿ ಮಾಡಿಸಿದ್ರೆ ತರಿಸೋದಕ್ಕಿಂತ ಗಟ್ಟಿ ಬರತ್ತೆ, ಅಳತೆಗೆ ಕ್ಯಾಮೆರಾನೇ ತಗೊಂಡು ಹೋಗಿ. ಆದ್ರೆ ಆನೆ ಮನಸ್ಸು ಮಾಡಿದ್ರೆ ಯಾವ ಡಬ್ಬಿನೂ ನಿಲ್ಲಲ್ಲ, ಆನೆ ದಾರೀಲಿ ದುಬಾರಿ ಕ್ಯಾಮೆರಾ ಇಡೋ ಮುಂಚೆ ಯೋಚನೆ ಮಾಡಿ.

ಹೆಜ್ಜೆ 9: ಬಂದ ಮೊದಲ ವಾರದ ಪರೀಕ್ಷೆ

ಇದನ್ನ ಬಿಡಲೇಬೇಡಿ. ಮೊದಲ ದಿನ ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿ 3, 6, 9, 12 ಮೀಟರಿಗೆ ಒಂದೊಂದು ಕಲ್ಲಿಟ್ಟು ಒಂದೊಂದು ಕಲ್ಲಿನ ಹತ್ರ ಅಡ್ಡ ನಡೀರಿ, ಮೊದಲು ನಿಧಾನ, ಆಮೇಲೆ ಜೋರು, ಎಷ್ಟನೇ ಕಲ್ಲಿನವರೆಗೆ ಸಿಕ್ತು ಬರ್ಕೊಳ್ಳಿ. ಕತ್ತಲಾದ್ಮೇಲೆ ಅದನ್ನೇ ಮತ್ತೆ ಮಾಡಿ, ಯಾವ ಕಲ್ಲಿನ ಹತ್ರ ಮುಖ ಗುರುತು ಸಿಗೋದು ನಿಲ್ಲತ್ತೋ ಅದೇ ನಿಮ್ಮ ಕ್ಯಾಮೆರಾದ ನಿಜವಾದ ರಾತ್ರಿ ದೂರ.

ಮನೆಗೆ ಸಿಸಿ ಕ್ಯಾಮೆರಾ ಇದ್ರೆ ಇನ್ನೂ ಒಳ್ಳೆ ಪರೀಕ್ಷೆ ಇದೆ. ಅದು ನೋಡೋ ಜಾಗದಲ್ಲೇ ಟ್ರೇಲ್ ಕ್ಯಾಮೆರಾನೂ ಇಟ್ಟು ಒಂದೆರಡು ರಾತ್ರಿ ಬಿಡಿ, ನಾಯಿ ಬೆಕ್ಕು ಎಷ್ಟು ಸಲ ಹಾದವು ಅಂತ ಸಿಸಿಟಿವಿ ನೋಡಿ ಲೆಕ್ಕ ಹಾಕಿ, ಟ್ರೇಲ್ ಕ್ಯಾಮೆರಾದಲ್ಲಿ ಎಷ್ಟು ಸಿಕ್ತು ಹೋಲಿಸಿ. ಬೆಕ್ಕನ್ನ ಹತ್ತರಲ್ಲಿ ಮೂರ್ನಾಲ್ಕು ಸಲ ತಪ್ಪಿಸಿದ್ರೆ ವಾಪಸ್ ಕಳಿಸಿ, ತೋಟದಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಲ್ಲ.

ಮಳೆ ಪರೀಕ್ಷೆಗೆ ಸೆಲ್ಲು, ಕಾರ್ಡು ತೆಗೆದು ಒಳಗೆ ಒಣ ನ್ಯೂಸ್‌ಪೇಪರ್ ತುಂಡಿಟ್ಟು ಬಾಗಿಲು ಹಾಕಿ ಒಂದು ರಾತ್ರಿ ಮಳೇಲಿ ಬಿಡಿ, ಬೇಸಿಗೆ ಆದ್ರೆ ಗಿಡಕ್ಕೆ ನೀರು ಬಿಡೋ ಪೈಪಲ್ಲಿ ಸ್ವಲ್ಪ ಹೊತ್ತು ನೀರು ಹೊಡೀರಿ. ಹೊರಗಡೆ ಪೂರ್ತಿ ಒರೆಸಿ ಆಮೇಲೆ ಬಾಗಿಲು ತೆಗೀರಿ, ಪೇಪರ್ ಮೂಲೆ ಒದ್ದೆ ಆಗಿದ್ರೂ ಆ ಕ್ಯಾಮೆರಾ ಬೇಡ. ವಾರದ ಕೊನೇಲಿ ಟೈಮ್ ಸರಿ ಇದೆಯಾ, ಸೆಲ್ ಬದಲಾಯಿಸಿದಾಗ ತಾರೀಖು ಉಳೀತಾ ಅದನ್ನೂ ನೋಡಿ. ತಾರೀಖು ಹೋದ ಫೋಟೋದಿಂದ ಪ್ರಾಣಿ ಯಾವಾಗ ಓಡಾಡತ್ತೆ ಅಂತ ಏನೂ ಗೊತ್ತಾಗಲ್ಲ.

ಹೆಜ್ಜೆ 10: ಕಟ್ಟೋದು

ಅಡಿಕೆ ಮರಕ್ಕೆ ಕಟ್ಟಬೇಡಿ, ಗಾಳಿಗೆ ಮರ ತೂಗಿದಾಗ ಕ್ಯಾಮೆರಾನೂ ತೂಗತ್ತೆ, ಕಾರ್ಡ್ ತುಂಬ ಖಾಲಿ ಫೋಟೋ. ಸಿಲ್ವರ್ ಓಕ್ ಬುಡ ನೆಟ್ಟಗಿದ್ದು ಒಳ್ಳೇದು, ಆದ್ರೆ ಮೆಣಸಿನ ಬಳ್ಳಿ ಹಬ್ಬಿದ್ರೆ ಲೆನ್ಸ್ ಮುಂದೆ ಎಲೆ ಇಳಿದಿದೆಯಾ ನೋಡಿ. ಬಿಸಿಲು ಬಿದ್ದ ಎಲೆ ಅಲ್ಲಾಡಿದ್ರೆ ಸೆನ್ಸರಿಗೆ ಅದೂ ಬಿಸಿ ಚಲನೆನೇ. ಎದುರಿನ ಹುಲ್ಲನ್ನ ಕ್ಯಾಮೆರಾ ನೋಡೋ ಅಗಲದಷ್ಟು ಮಾತ್ರ ಸವರಿ, ಪೂರ್ವ ಪಶ್ಚಿಮಕ್ಕೆ ಮುಖ ಮಾಡಬೇಡಿ, ಉತ್ತರಕ್ಕೆ ಮಾಡಿದ್ರೆ ವರ್ಷದ ಬಹುಪಾಲು ಸೂರ್ಯನ ಕಾಟ ಇರಲ್ಲ. ಎತ್ತರ ಮೊಣಕಾಲಷ್ಟು, ದಾರಿಗೆ ಪೂರ್ತಿ ಅಡ್ಡ ಅಲ್ಲದೆ ಸ್ವಲ್ಪ ಓರೆಯಾಗಿ, ಆಗ ಪ್ರಾಣಿ ಹೆಚ್ಚು ಹೊತ್ತು ಚೌಕಟ್ಟಲ್ಲಿರತ್ತೆ. ಆಮಿಷಕ್ಕೆ ಅಂತ ಕೋಳಿ, ಮಾಂಸ, ಹಣ್ಣು ಇಡ್ಬೇಡಿ ದಯವಿಟ್ಟು. ಮನೆ ಹತ್ರ ಊಟ ಸಿಗತ್ತೆ ಅಂತ ಚಿರತೆಗೆ ಒಂದ್ಸಲ ಗೊತ್ತಾದ್ರೆ ಆಮೇಲೆ ಅದರ ಬೆಲೆ ನಾಯಿ, ಕರು, ಕೊನೆಗೆ ಆ ಚಿರತೆನೇ ಕೊಡ್ಬೇಕಾಗತ್ತೆ.

ಹೆಜ್ಜೆ 11: ಕಾನೂನು, ಜನ, ಸಿಕ್ಕ ಫೋಟೋ

ನಿಮ್ಮ ಜಮೀನೊಳಗೆ ಇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಹೋಗೋಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಮೀಸಲು ಅರಣ್ಯದಲ್ಲೂ ಅರಣ್ಯ ಇಲಾಖೆ ಕೇಳದೆ ಕಟ್ಟೋಕೆ ಹೋಗ್ಬೇಡಿ. ಕೆಲಸದವ್ರು ಓಡಾಡೋ ದಾರಿ, ಹೆಂಗಸರು ಸೌದೆಗೆ ಹೋಗೋ ಜಾಗ, ಹೊಳೆ ಇಳಿಯೋ ಜಾಗದಲ್ಲಂತೂ ಇಡಲೇಬಾರದು. ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನ ಸುತ್ತ ಕ್ಯಾಮೆರಾಗಳಿಂದ ಅಲ್ಲಿನ ಹೆಂಗಸರಿಗೆ ಎಷ್ಟು ಹಿಂಸೆ ಆಗ್ತಿದೆ ಅಂತ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆ 2024ರಲ್ಲಿ ಬಂತು, ಅದು ನಮ್ಮ ತೋಟದಲ್ಲಿ ಆಗಬಾರದು. ಎಲ್ಲಿ ಇಟ್ಟಿದ್ದೀವಿ ಅಂತ ಕೆಲಸದವರಿಗೆ ಮೊದ್ಲೇ ಹೇಳಿ, ಮನುಷ್ಯರ ಫೋಟೋ ಬಂದ್ರೆ ಅಲ್ಲೇ ಅಳಿಸಿ.

ಫೋಟೋ ರಾಶಿ ಬೀಳತ್ತೆ ಅನ್ನೋದಕ್ಕೂ ತಯಾರಿರಿ. 2018ರ ಹುಲಿ ಗಣತೀಲಿ ದೇಶದ 26,838 ಜಾಗದಲ್ಲಿ ಕ್ಯಾಮೆರಾ ಇಟ್ಟು 3 ಕೋಟಿ 48 ಲಕ್ಷಕ್ಕೂ ಹೆಚ್ಚು ಫೋಟೋ ಬಂದಾಗ ಅದರಲ್ಲಿ ಹುಲಿಯದ್ದು 76,651. ಹುಡುಕ್ತಿರೋದು ಅಪರೂಪ, ಉಳಿದಿದ್ದೇ ಜಾಸ್ತಿ, ಆದ್ರೆ ಆ ಉಳಿದಿದ್ದರಲ್ಲೇ ಎಷ್ಟೋ ಸಲ ದೊಡ್ಡ ಸುದ್ದಿ ಇರತ್ತೆ, ಕಾವೇರಿ ವನ್ಯಧಾಮದಲ್ಲಿ ತರಕರಡಿ (ಹನಿ ಬ್ಯಾಜರ್) ಇದೆ ಅಂತ ಗೊತ್ತಾಗಿದ್ದು ಇಂಥ ಕ್ಯಾಮೆರಾದಿಂದಾನೇ. ಅದಕ್ಕೇ ಬೇಡ ಅನ್ಸಿದ್ದನ್ನ ಒಂದೇ ಏಟಿಗೆ ಅಳಿಸದೆ ಒಂದ್ಸಲ ಪೂರ್ತಿ ನೋಡಿ, ದಿನಾಂಕದ ಹೆಸರಲ್ಲಿ ಫೋಲ್ಡರ್ ಮಾಡಿಡಿ.

ಚಿಪ್ಪುಹಂದಿ, ನೀರುನಾಯಿ, ಹುಲಿ ಸಿಕ್ಕಿದ್ರೆ ಊರು, ತೋಟದ ಹೆಸರು ಹಾಕಿ ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಬೇಡಿ, ಬೇಟೆಯವರೂ ಅದನ್ನೇ ಹುಡುಕ್ತಿರ್ತಾರೆ. ದಾಖಲೆ ಆಗ್ಲಿ ಅನ್ಸಿದ್ರೆ ಐನ್ಯಾಚುರಲಿಸ್ಟ್‌ಗೆ (ಜನ ತಾವು ಕಂಡ ಜೀವಿಗಳ ಫೋಟೋ ದಾಖಲಿಸೋ ವೆಬ್‌ಸೈಟ್) ಹಾಕಿ, ಅಪಾಯದಲ್ಲಿರೋ ಪ್ರಾಣಿಗಳ ನಿಖರ ಜಾಗವನ್ನ ಅದೇ ಮರೆಮಾಡತ್ತೆ, ನೀವೂ ಜಾಗವನ್ನ ಅಸ್ಪಷ್ಟ ಮಾಡೋ ಆಯ್ಕೆ ಒತ್ತಿ. ಕಾಲಿಗೆ ಉರುಳು ಸಿಕ್ಕಿರೋ ಪ್ರಾಣಿನೋ, ಕೋವಿ ಹಿಡಿದ ಜನವೋ ಫೋಟೋದಲ್ಲಿ ಕಂಡ್ರೆ ಅದನ್ನ ಮಾತ್ರ ಅಳಿಸದೆ, ಯಾರಿಗೂ ಕಳಿಸದೆ, ಕಾರ್ಡ್ ಸಮೇತ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಅವತ್ತೇ ತಗೊಂಡು ಹೋಗಿ ಕೊಡಿ.